ಶರದೃತುವಿನ ಖಡಕ್ ಬಿಸ್ಕತ್ತು

ಕುಕ್ಕರಿನಲ್ಲಿ ಬೇಯಿಸಿದ ಓಟ್ಸ್ ಬಿಸ್ಕತ್ತು ತಾಟಿಗೆ ಬಿದ್ದ ಸದ್ದಿಗೆ ಮಾನ್ವಿ ಊರಿಗೆ ಊರೇ ಬೆಚ್ಚಿಬಿದ್ದಿತು. ದಾಲ್ಚಿನ್ನಿ, ಒಣಶುಂಠಿ, ಬೆಲ್ಲ ಬೆರೆತರೆ ಶರದೃತುವಿನ ರುಚಿ ಎಂದು ಮೊಬೈಲು ಹೇಳಿತ್ತು. ಅಂಥದ್ದೊಂದು ಋತುವಿರುವ ಸುದ್ದಿ ಮಾನ್ವಿಯ ಬಿಸಿಲಿಗೆ ಇನ್ನೂ ತಲುಪಿರಲಿಲ್ಲ. ಒಲೆ ಮುಂದೆ ನಿಂತು ಶಿವಗಂಗಾ ಒರೆಸಿಕೊಂಡ ಬೆವರಿನಿಂದ ತುಂಗಭದ್ರೆಯೇ ತುಂಬಬೇಕು. ಜ್ವರ ಬಿಟ್ಟರೂ ಅತ್ತೆ ಹಂಪಮ್ಮ ಅನ್ನ, ಗಂಜಿ ಏನನ್ನೂ ಮುಟ್ಟಿರಲಿಲ್ಲ. ಇದೂ ಬೇಡವೆಂದರೆ ಮತ್ತೊಂದು ಮಾಡಲು ಸೊಸೆಯ ತೋಳಲ್ಲಿ ಕಸುವಿರಲಿಲ್ಲ.

ಹಂಪಮ್ಮ ಬಿಸ್ಕತ್ತನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಬಡಿದರು. ಟಣ್ ಎಂದಿತು.

“ಯವ್ವಾ, ಇಂಥ ಖಡಕ್ ರೊಟ್ಟಿ ನಮ್ಮವ್ವನೂ ಬಡಿದಿದ್ದಿಲ್ಲ! ಹಿಟ್ಟು ಸಾಲಲಿಲ್ಲೇನು, ಇಷ್ಟು ಸಣ್ಣವು ಮಾಡೀದಿ? ಶೇಂಗಾ ಹಿಂಡಿ, ಮಸರು ತಾ.”

ಸೊಸೆ ಶೇಂಗಾ ಚಟ್ನಿಪುಡಿ, ಮೊಸರು ತಂದಿಟ್ಟಳು. ಹಂಪಮ್ಮ ಮುರಿದರು, ಅದ್ದಿದರು, ಅಗಿದು ನುಂಗಿದರು. ‘ಅದು ಬಿಸ್ಕೀಟು’ ಎನ್ನಲು ಬಾಯಿ ತೆರೆದಿದ್ದ ಶಿವಗಂಗಾ, “ಹೌದ್ರೀ ಅತ್ತಿ, ಹಿಟ್ಟು ಸಾಲಲಿಲ್ಲ,” ಎಂದು ಗೋಡೆಗೊರಗಿ ಕುಳಿತುಬಿಟ್ಟಳು.