ತಾನೇ ಎಸೆದ ಎರಡು

ಬಿದಿರಿನ ಚಿತ್ರವಿದ್ದ, ಮೂರರಿಂದ ಏಳರವರೆಗಿನ ಅಂಕಿಯ ಆಟದ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿಕೊಂಡು ತುಳಸಿ ಕಾಯುತ್ತಿದ್ದಳು. ಇನ್ನೊಂದೇ ಬಿಲ್ಲೆ ಬೇಕಿತ್ತು: ಎರಡು ಬಂದರೂ ಗೆಲುವು, ಐದು ಬಂದರೂ, ಎಂಟು ಬಂದರೂ. ಹೊಸಪೇಟೆಯ ಗೆಸ್ಟ್‌ಹೌಸೊಂದರಲ್ಲಿ ತಂಗಿದ್ದ ಜಪಾನಿನ ಮೇಡಂ ಕಲಿಸಿ ಬಿಟ್ಟುಹೋದ ಮಹ್ಜಾಂಗ್ ಎಂಬ ಬಿಲ್ಲೆ ಜೋಡಿಸುವ ಆಟವನ್ನು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಅಲ್ಲಿನ ನಾಲ್ವರು ಕೆಲಸದ ಹೆಂಗಸರು ದಿನವೂ ಆಡುತ್ತಿದ್ದರು.

ವಿರುಪಮ್ಮ ಎಂಟನ್ನು ಎಸೆದಳು. ಗೆದ್ದೆನೆಂದು ಅದನ್ನೆತ್ತಲು ತುಳಸಿ ಕೈ ಚಾಚಿದಳು.

“ಏ ತುಳಸಕ್ಕಾ, ಕೈ ತಗೀ!” ಲಲಿತಾ ನಕ್ಕಳು. “ಆಗ್ಲೇ ಎರಡರ ಬಿಲ್ಲೆ ಒಗದಾಕಿ ನೀನ ಅಲ್ಲೇನು? ತಾನ ಒಗದಿದ್ದನ್ನ ಕಾಯಾಕಿ ಮಂದಿ ಒಗದಿದ್ದು ಯಾವ್ದೂ ಮುಟ್ಟಂಗಿಲ್ಲ. ಐದೂ ಇಲ್ಲ, ಎಂಟೂ ಇಲ್ಲ. ಮುಚ್ಚಿಟ್ಟ ಸಾಲಿಂದ ನೀನ ಎತ್ಕೋಬೇಕು.”

ತಾನೇ ಎಸೆದು ಮುಂದೆ ಬಿದ್ದಿದ್ದ ಎರಡರ ಬಿಲ್ಲೆಯನ್ನು ತುಳಸಿ ನೋಡುತ್ತ ಕುಳಿತಳು. ಸೋಮವಾರ ಕಂಪ್ಲಿಯಲ್ಲಿ ಮಗಳ ಮದುವೆ. ಗಂಡ ಕರೆದಾನು, ಅತ್ತೆ ಹೇಳಿಕಳಿಸಿಯಾಳು, ಮಗಳೇ ಫೋನ್ ಮಾಡಿಯಾಳು ಎಂದು ತಿಂಗಳಿಂದ ಕಾದಿದ್ದಳು. ಆ ಮಗಳು ನಾಲ್ಕು ವರ್ಷದ ಕೂಸಾಗಿದ್ದಾಗ ಗಂಡನ ಮನೆಯ ಹೊಸ್ತಿಲಲ್ಲಿ ಬಿಟ್ಟು ಬಂದವಳು ತಾನೇ.

“ಯಾಕಕ್ಕಾ, ಸಿಟ್ಟು ಬಂತೇನು?” ಲಲಿತಾ ಕೇಳಿದಳು.

“ಇಲ್ಲವ್ವ.” ತುಳಸಿ ಮುಚ್ಚಿಟ್ಟ ಸಾಲಿನಿಂದ ಒಂದು ಬಿಲ್ಲೆ ಎತ್ತಿದಳು. ಬೇಕಾದದ್ದಲ್ಲ. ಅದನ್ನು ಕೆಳಗಿಡುತ್ತ, ಯಾರೂ ಕರೆಯದಿದ್ದರೂ ಸೋಮವಾರದ ಮೊದಲ ಕಂಪ್ಲಿ ಬಸ್ಸು ಹತ್ತುವುದೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.