ಜುಟ್ಟಪ್ಪನ ಮುನಿಸು

ಸಾಕಿದ ಹಕ್ಕಿಯೊಂದು ಮುನಿಸಿಕೊಂಡದ್ದನ್ನೂ ಕಥೆ ಎಂದು ಹೇಳಹೊರಟರೆ ಓದುವವರು ನಕ್ಕಾರು ಎಂಬ ಅಳುಕು ಇದ್ದೇ ಇದೆ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾಗರ ಪಂಚಮಿಯ ಬೆಳಿಗ್ಗೆ, ಹಗರಿಬೊಮ್ಮನಹಳ್ಳಿಯ ರೇಣುಕಾ ಪಂಜರದ ಬಾಗಿಲು ತೆರೆದು ಕೈ ಒಳಗಿಟ್ಟಳು. ರಾತ್ರಿ ಕಟ್ಟಿಕೊಂಡ ಗೋರಂಟಿಯ ವಾಸನೆ ಇನ್ನೂ ಆರದ ಅಂಗೈಯಲ್ಲಿ ಒಂದು ಹಿಡಿ ನವಣೆ ಇತ್ತು. ನಿನ್ನೆಯವರೆಗೂ ಬಾಗಿಲು ತೆರೆದರೆ ಸಾಕು, ಮಣಿಕಟ್ಟಿನ ಮೇಲೆ ಹಾರಿ ಕೂತು ಸಿಳ್ಳೆ ಹಾಕುತ್ತ ಉಣ್ಣುತ್ತಿದ್ದ ಗಿಣಿ ಜಾತಿಯ ಹಕ್ಕಿ ಇವತ್ತು ಮೂಲೆಗೆ ಸರಿಯಿತು. ಜುಟ್ಟು ನಿಗುರಿಸಿ ಬುಸ್ ಎಂದಿತು. ಬೆರಳು ಚಾಚಿದರೆ ಕಚ್ಚಿಯೇ ಬಿಟ್ಟಿತು.

"ಅತ್ತೀ, ಇದಕ್ಕೇನಾತು ನೋಡ್ ಬರ್ರಿ!"

ಅತ್ತೆ ಭರಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಕುರಿಹಟ್ಟಿಯಲ್ಲಿ ಬೆಳೆದ ಜೀವ. ಮನೆಯೊಳಗೆ ಹಕ್ಕಿ ಸಾಕುವುದೆಂದರೆ ಅವಳಿಗೆ ಅಷ್ಟಕ್ಕಷ್ಟೇ. ಒಮ್ಮೆಯೂ ಮುಟ್ಟಿರಲಿಲ್ಲ. ಅದಕ್ಕೆ ಮಿಠಾಯಿ ಎಂಬ ಚೆಂದದ ಹೆಸರಿದ್ದರೂ ಜುಟ್ಟಪ್ಪ ಎಂದೇ ಕರೆಯುತ್ತಿದ್ದಳು.

"ಹೊಸಾ ಕುರಿನೂ ಹಿಂಗ ಮಾಡ್ತಾವು. ಬಂದ ಹೊಸ್ತಾಗಿ ಭಾಳ ನೆಟ್ಟಗ. ಹಟ್ಟಿ ತನ್ನದು ಅಂತ ಗೊತ್ತಾದ ಮ್ಯಾಲೆ ಹಾಯಾಕ ಬರ್ತಾವು," ಎಂದವಳು ಥಟ್ಟನೆ ದನಿ ತಗ್ಗಿಸಿದಳು. "ಅಲ್ಲ, ಪಂಚಮಿ ದಿನ ಬುಸ್ ಅಂತೈತಿ ಅಂದ್ರ... ಮುಂಜಾನಿ ಒಲಿ ಮ್ಯಾಲೆ ಎಣ್ಣಿ ಏನಾರ ಕಾಯಿಸಿದೇನು?"

ಕಾಯಿಸಿದ್ದಳು. ಪಂಚಮಿಯಂದು ಕರಿಯಬಾರದು, ಒಗ್ಗರಣೆ ಹಾಕಬಾರದು, ನಾಗಪ್ಪನಿಗೆ ಆಗದು ಎಂಬುದು ಗೊತ್ತಿದ್ದೂ ನಿದ್ದೆಗಣ್ಣಿನಲ್ಲಿ ಮಂಡಕ್ಕಿಗೆ ಒಗ್ಗರಣೆ ಹಾಕಿಬಿಟ್ಟಿದ್ದಳು. ರೇಣುಕಾ ಹಾಗೇ ಎದ್ದು ಹೊರಟಳು. ಹುತ್ತಕ್ಕೆ ಎರಡನೆಯ ಸಲ ಹಾಲೆರೆದು, ತಪ್ಪಾಯಿತಪ್ಪಾ ಎಂದು ಕೈಮುಗಿದು ಬಂದಳು. ಹಕ್ಕಿ ಮತ್ತೆ ಬುಸ್ ಎಂದಿತು.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೊನೆಗೆ ಹರಪನಹಳ್ಳಿಯ ಅಮೃತಾಗೆ ಫೋನ್ ಮಾಡಿದಳು. ಹಕ್ಕಿ ಅಮೃತಾಳದೇ, ಹೆರಿಗೆಯಾದ ಮೇಲೆ ನೋಡಿಕೊಳ್ಳಲಾಗದೆ ಹೋದ ತಿಂಗಳು ಇವರಿಗೆ ಕೊಟ್ಟಿದ್ದಳು. ಹೊಂದಿಕೊಳ್ಳದಿದ್ದರೆ ಮುಚ್ಚಿಡಬೇಡಿ, ಬೇರೆಯವರು ಕೇಳಿದ್ದಾರೆ ಎಂದೂ ಹೇಳಿದ್ದಳು. ರೇಣುಕಾ ತನ್ನ ತಪ್ಪುಗಳನ್ನೆಲ್ಲ ತಾನೇ ಹುಡುಕಿ ಒಪ್ಪಿಸಿದಳು. ಪಂಜರವನ್ನು ಕಿಟಕಿಯ ಕಡೆ ಸರಿಸಿದ್ದು, ಮಿಕ್ಸಿಯ ಸದ್ದು, ಒಗ್ಗರಣೆ ಸಹ.

"ತಿಂತೈತೇನಕ್ಕಾ? ಮಂಕಾಗಿ ಕುಂತೈತೇನು? ಹಿಕ್ಕಿ ಸರಿ ಐತಾ?"

"ಎಲ್ಲಾ ಸರಿ ಐತವಾ. ನಾನೇ ಆಗವಲ್ಲೆ ಅದಕ್ಕ."

"ಹಂಗಾದ್ರ ಭಾನುವಾರ ಬಂದು ಒಯ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಬೇಡ ಎನ್ನಬೇಕೆಂದಿದ್ದವಳು ಹೂಂ ಎಂದುಬಿಟ್ಟಳು.

ಶನಿವಾರ ಕಾಳು ಹಾಕಲು ರೇಣುಕಾಳಿಗೆ ಕೈಯೇ ಬರಲಿಲ್ಲ. ಭರಮಮ್ಮ ಗೊಣಗುತ್ತ ತಾನೇ ಕೈ ಒಳಗಿಟ್ಟಳು. ಗಂಡ ಪಾಲಾಕ್ಷಪ್ಪ ತೀರಿಕೊಂಡ ಮೇಲೆ ಬಳೆ, ಬಣ್ಣ ಯಾವುದನ್ನೂ ಕಾಣದ ಬೋಳು ಕೈ. ಹಕ್ಕಿ ಕತ್ತು ಓರೆ ಮಾಡಿ ನೋಡಿತು. ಮೆಲ್ಲಗೆ ನಡೆದು ಬಂದು ಆ ಕೈಯನ್ನು ಹತ್ತಿತು. ಕಾಳು ಮುಗಿದರೂ ಇಳಿಯಲಿಲ್ಲ.

"ಇಳಿ ಅನ್ನವಾ ಇದಕ್ಕ, ಕೈ ಜೋಮು ಹಿಡೀತು," ಎಂದಳು ಭರಮಮ್ಮ. ಕೈಯನ್ನು ಮಾತ್ರ ಅಲುಗಿಸಲಿಲ್ಲ.

ಹಾಗಾದರೆ ಕೆಟ್ಟದ್ದು ತನ್ನ ಕೈಯೇ. ರೇಣುಕಾ ಒಳಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯತೊಡಗಿದಳು. ಎರಡು ರೊಟ್ಟಿ ಬೇಯುವುದರೊಳಗೆ ಹೊರಗಿಂದ ಕೂಗು ಬಂತು.

"ಬಾ ಬೇ ಲಗೂನ! ತಲಿ ಮ್ಯಾಲೆ ಹತ್ತೈತಿ, ಕೂದ್ಲಾಗ ಗೂಡು ಕಟ್ತೈತಿ ಇದು!"

ಜೋಳದ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಹಕ್ಕಿ ಅತ್ತೆಯ ತಲೆಯಿಂದ ನೆಗೆದು ನೇರ ಸೊಸೆಯ ಬೆಳ್ಳನೆಯ ಬೆರಳಿನ ಮೇಲೆ ಕೂತು ಸಿಳ್ಳೆ ಹಾಕಿತು! ಅವಳಿಗೆ ಉಸಿರಾಡಲೂ ಭಯ. ಅದು ತಾನಾಗಿ ಪಂಜರಕ್ಕೆ ಹಾರಿದ ಮೇಲೆ ಕೈ ತೊಳೆದು ಬಂದಳು. ಬುಸ್!

ಇಬ್ಬರೂ ಆ ತೊಳೆದ ಅಂಗೈಯನ್ನು ನೋಡಿದರು. ಗಂಡನ ಪ್ರೀತಿ ಎಷ್ಟೋ ಅಷ್ಟು ಬಣ್ಣ ಎಂದು ಓಣಿಯ ಹೆಂಗಸರು ಛೇಡಿಸಿದ್ದ ಗೋರಂಟಿ ರಕ್ತದ ಹಾಗೆ ಕೆಂಪಗಿತ್ತು.

"ಅಯ್ಯ ನಿನ್ನ! ಸುಮ್ಸುಮ್ನ ನಾಗಪ್ಪಗ ಎರಡು ಸಲ ಹಾಲು ಕುಡಿಸಿದ್ಯಲ್ಲೇ!" ಭರಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ರೇಣುಕಾ ಅಮೃತಾಗೆ ಫೋನ್ ಮಾಡಿದಳು. ಈ ಸಲ ಬೇಡ ಎಂಬ ಮಾತು ಸಲೀಸಾಗಿ ಬಂತು.

ಗೋರಂಟಿ ಮಾಸಿದಷ್ಟೂ ಹಕ್ಕಿ ಹತ್ತಿರ ಬಂತು. ಅಲ್ಲಿಯವರೆಗೆ ಕಾಳು ಹಾಕಿದ್ದು ಭರಮಮ್ಮ. ಗೊಣಗುವುದನ್ನು ಯಾವಾಗ ಬಿಟ್ಟಳೋ ಯಾರೂ ಗಮನಿಸಲಿಲ್ಲ. ಬಣ್ಣ ಉಗುರಿನ ತುದಿಯಲ್ಲಷ್ಟೇ ಉಳಿದ ಒಂದು ಬೆಳಿಗ್ಗೆ, ಜುಟ್ಟಪ್ಪ ಅವಳ ಕೈ ಬಿಟ್ಟು ರೇಣುಕಾಳ ಮಣಿಕಟ್ಟಿಗೆ ಹಾರಿತು.

ಭರಮಮ್ಮ ಅಂಗೈಯಲ್ಲಿ ಉಳಿದ ನವಣೆಯನ್ನು ಸ್ವಲ್ಪ ಹೊತ್ತು ನೋಡಿದಳು. "ದೀಪಾವಳಿಗಿ ಗೋರಂಟಿ ಹಚ್ಕೊಂತಿ ಹೌದಿಲ್ಲೋ?"

"ಇಲ್ಲರಿ ಅತ್ತಿ. ಪಾಪ, ಹೆದರತೈತಿ."

"ಹಬ್ಬದಾಗ ಮುತ್ತೈದಿ ಬರಿಗೈಲೆ ಇರಬಾರ್ದವಾ. ಹಚ್ಕೋ."

ಹಕ್ಕಿ ಹೆದರಿದ್ದು ಬಣ್ಣಕ್ಕೋ ವಾಸನೆಗೋ ರೇಣುಕಾಳಿಗೆ ಇಂದಿಗೂ ಖಾತ್ರಿಯಿಲ್ಲ. ಮರುದಿನ ಎದ್ದು ನೋಡಿದರೆ, ಎಂದೂ ಆ ಕಡೆ ಸುಳಿಯದ ಅತ್ತೆ ಹಿತ್ತಲಿನ ಗೋರಂಟಿ ಗಿಡಕ್ಕೆ ನೀರು ಹಾಕುತ್ತಿದ್ದಳು. ಯಾಕೆ ಎಂದು ರೇಣುಕಾ ಕೇಳಲಿಲ್ಲ. ಹಾಗಾಗಿ ಅದೂ ಗೊತ್ತಿಲ್ಲ.