ತೊಳೆದ ಬೂಟುಗಳು

ಋಷಿಕೊಂಡದ ನಮ್ಮ ಆಫೀಸಿನಲ್ಲಿ ಮಳೆಗೆ ನೆಂದ ಯಾರದೋ ಚರ್ಮದ ಬೂಟಿನ ವಾಸನೆ ಬಂದರೆ ಈಗಲೂ ನನಗೆ ಅಜ್ಜಿಯ ಕೈ ನೆನಪಾಗುತ್ತದೆ.

ಅಪ್ಪ ಇದೇ ವಿಶಾಖಪಟ್ಟಣದಲ್ಲಿ ನೌಕಾಪಡೆಯಲ್ಲಿದ್ದರು. ನನಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕಾಲಿಗೆ ಆಸರೆ ಕೊಡುವ ಕಬ್ಬಿಣದ ಕ್ಯಾಲಿಪರ್ ಬೂಟಿಗೇ ಕೂಡಿಕೊಂಡಿತ್ತು. ಬೂಟು ಬಿಚ್ಚಿದರೆ ನಿಲ್ಲಲಾರೆ; ಹಾಕಿಕೊಂಡರೆ ವಾಕರ್ ಹಿಡಿದು ಎಲ್ಲಿ ಬೇಕಾದರೂ ಹೋಗುತ್ತಿದ್ದೆ.

ನವರಾತ್ರಿಯ ಒಂದು ಮಧ್ಯಾಹ್ನ ಕ್ವಾರ್ಟರ್ಸಿನ ಮೈಸೂರು ಆಂಟಿಯ ಮನೆಗೆ ಗೊಂಬೆ ನೋಡಲು ಹೋದೆವು, ನಾನು ಮತ್ತು ಧಾರವಾಡದಿಂದ ಬಂದಿದ್ದ ಅಜ್ಜಿ. ಹೊಸ್ತಿಲಲ್ಲೇ ಆಂಟಿ ಅಡ್ಡ ಬಂದರು.

"ಒಳಗೆ ಕಳಶ ಇಟ್ಟಿದೀವಿ ಪುಟ್ಟಿ. ಶೂ ಬಿಚ್ಚು, ನಾನೇ ಎತ್ಕೊಂಡು ಹೋಗ್ತೀನಿ."

ಎತ್ತಿಕೊಂಡು ಹೋದರೆ ಅವರು ಕೂರಿಸಿದಲ್ಲೇ ಕೂತಿರಬೇಕು, ಆ ಗೊಂಬೆಗಳ ಹಾಗೆ. ನಾನು ವಾಕರ್ ಬಿಗಿಯಾಗಿ ಹಿಡಿದೆ.

"ಎತ್ತಕೋಬ್ಯಾಡ್ರಿ ಆಂಟಿ. ನಾ ನಡಕೋತ ಬರ್ತೀನಿ."

ಅಜ್ಜಿ ಮಡಿಯವಳು. ಚಪ್ಪಲಿಗೆ ಕೈ ತಾಗಿದರೂ ತೊಳೆದುಕೊಳ್ಳುತ್ತಿದ್ದಳು. ಬಾಗಿಲ ಬಳಿ ಕಾಲು ತೊಳೆಯಲು ಇಟ್ಟಿದ್ದ ಚೊಂಬು ಎತ್ತಿಕೊಂಡು ನನ್ನೆದುರು ಕುಕ್ಕರಗಾಲಲ್ಲಿ ಕೂತಳು. ಒಂದೊಂದೇ ಬೂಟಿಗೆ ನೀರು ಸುರಿದು, ಅಟ್ಟೆ, ಹಿಮ್ಮಡಿ, ಕಬ್ಬಿಣದ ಸಂದು, ಎಲ್ಲವನ್ನೂ ಬರಿಗೈಯಲ್ಲಿ ತಿಕ್ಕಿದಳು. ಚರ್ಮ ನೀರು ಕುಡಿದು ಕಪ್ಪಗಾಯಿತು. ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ನಮ್ಮ ಹುಡುಗಿ ಕಾಲ ತೊಳದೇನ್ರೀ. ಇನ್ನ ಒಳಗ ಬರ್ತಾಳ."

ಆಂಟಿ ಪಕ್ಕಕ್ಕೆ ಸರಿದರು. ಗೊಂಬೆಗಳು ಎದುರಿಗೇ ಇದ್ದವು. ನಾನು ಮಾತ್ರ ಗೋಡೆಗುಂಟ ಇಡೀ ಹಾಲ್ ಸುತ್ತಿಕೊಂಡು, ಆ ಹೊಳೆಯುವ ನೆಲದ ತುಂಬ ಒದ್ದೆ ಹೆಜ್ಜೆ ಮೂಡಿಸುತ್ತ ಹೋದೆ.